ಮೊಳೆ ಬಿಚ್ಚುವ ಚಾಳಿ

ಸೊರಬದ ಒಂದು ಶಾಲೆಯ ಸಭಾಂಗಣ. ವೇದಿಕೆ ಮೇಲೆ ನಾವು ಮೂವರು. ನಡುವೆ ರುದ್ರಪ್ಪ ಮೇಷ್ಟ್ರು, ಅಂದು ಬಿಡುಗಡೆಯಾಗುತ್ತಿದ್ದ ಪುಸ್ತಕ ಬರೆದವರು. ನಿವೃತ್ತರಾದ ಮೇಲೆ ಸಕ್ಕರೆ ಕಾಯಿಲೆ ಅವರ ಎರಡೂ ಕಣ್ಣು ತೆಗೆದುಕೊಂಡು ಹೋಗಿತ್ತು. ಅವರ ಎಡಕ್ಕೆ ಶಿಕಾರಿಪುರದ ನಮ್ಮ ಪ್ರೆಸ್ಸಿನ ಯಜಮಾನರು, ಪಂಚಾಕ್ಷರಪ್ಪನವರು. ಬಲಕ್ಕೆ ನಾನು, ಗಿರಿಜಾ. ಅದೇ ಪ್ರೆಸ್ಸಿನಲ್ಲಿ ಮೊದಲು ಅಚ್ಚಿನ ಮೊಳೆ ಜೋಡಿಸಿ, ಆಮೇಲೆ ಕಂಪ್ಯೂಟರಿನಲ್ಲಿ ಪುಟ ಕಟ್ಟಿ, ಆಗಷ್ಟೇ ನಿವೃತ್ತಳಾದವಳು. ಮೇಷ್ಟ್ರ ಪುಸ್ತಕವೇ ನನ್ನ ಕೊನೆಯ ಕೆಲಸ ಅಂತ ನನಗೂ ಒಂದು ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟು ಕೂರಿಸಿದ್ದರು. ಮುಂದಿನ ಸಾಲಿನಲ್ಲಿ ಮೇಷ್ಟ್ರ ಹೆಂಡತಿ ಗೌರಮ್ಮ. ಅವರ ಪಕ್ಕ ಯಜಮಾನರ ಸೊಸೆ ಅಶ್ವಿನಿ. ಪ್ರೆಸ್ಸಿನಲ್ಲಿ ನನ್ನ ಕುರ್ಚಿಗೆ ಬಂದವಳು ಅವಳೇ. ಹಿಂದೆ ತುಂಬ ಮೇಷ್ಟ್ರ ಹಳೇ ವಿದ್ಯಾರ್ಥಿಗಳು. ತಲೆ ನರೆತವರೂ ಇದ್ದರು.

ಮೇಷ್ಟ್ರು ಮೈಕಿನ ಮುಂದೆ ಎದ್ದು ನಿಂತರು.

"ಭಾಷಣ ಗೀಷಣ ಬ್ಯಾಡ ಮಾರಾಯ್ರೆ. ನನ್ನ ಪುಸ್ತಕದ ಮೊದಲನೇ ಪುಟ ನಾನೇ ಓದ್ತೀನಿ. ಈಗ ನನ್ನ ಕಣ್ಣು ಅಂದ್ರೆ ಇದು" ಅಂತ ಜೇಬಿನಿಂದ ಫೋನ್ ತೆಗೆದು ಮೈಕಿಗೆ ಹಿಡಿದರು. ಬೆರಳಿನಿಂದ ಪರದೆಯನ್ನು ಮುಟ್ಟಿದರು.

ಫೋನು ಹೇಳಿತು: "ಪುಟ ಒಂದು. ಖಾಲಿ ಪುಟ."

ಮೇಷ್ಟ್ರು ಬೆರಳು ಸರಿಸಿದರು. "ಪುಟ ಎರಡು. ಖಾಲಿ ಪುಟ." ಮತ್ತೆ ಸರಿಸಿದರು. ಮತ್ತೆ ಖಾಲಿ. ಹಿಂದಿನಿಂದ ಯಾರೋ ಕೂಗಿದರು: "ಮೇಷ್ಟ್ರೇ, ಹೋಮ್‌ವರ್ಕ್ ಮಾಡ್ದೇ ಬಂದೀರನ? ಹತ್ತಿ ಬೆಂಚಿನ ಮೇಲೆ!" ಸಭೆಯೆಲ್ಲ ಗೊಳ್ಳೆಂದಿತು. ಮೇಷ್ಟ್ರೂ ನಕ್ಕರು. "ತಪ್ಪು ಪುಸ್ತಕದ್ದಲ್ಲ ಕಣ್ರೋ, ನಂದು. ಈ ಫೋನು ನನಗಿನ್ನೂ ಪಳಗಿಲ್ಲ" ಅಂದು, ಕೈಯಲ್ಲಿ ತಡಕಾಡಿ ಕುರ್ಚಿ ಹುಡುಕಿ ಕೂತುಬಿಟ್ಟರು.

ಫೋನಿನದೂ ತಪ್ಪಲ್ಲ, ಮೇಷ್ಟ್ರದೂ ತಪ್ಪಲ್ಲ ಅಂತ ಆ ಸಭೆಯಲ್ಲಿ ಇಬ್ಬರಿಗೆ ಗೊತ್ತಾಗಿತ್ತು. ಒಬ್ಬಳು ಅಶ್ವಿನಿ, ಅವಳು ನೆಟ್ಟ ನೋಟದಿಂದ ನನ್ನನ್ನೇ ನೋಡುತ್ತಿದ್ದಳು. ಇನ್ನೊಬ್ಬಳು ನಾನು. ನಾನು ಬಗ್ಗಿ, ಬುಟ್ಟಿಯಿಂದ ಜಾರದೇ ಇದ್ದ ಒಂದು ಮೂಸಂಬಿಯನ್ನು ಸರಿಮಾಡಿದೆ.

ಪುಸ್ತಕದ ಪುಟ ಕಟ್ಟುವ ಕೆಲಸಕ್ಕೆ ಈಗ ಹೊಸದಾಗಿ ಬರುತ್ತಿರುವವರು ಅನುಭವ ಬರೆದುಕೊಡಿ ಅಂತ ಕೇಳುತ್ತಾರೆ. ಸಂಬಳ ಏರಿದ್ದು, ಸನ್ಮಾನ ಆದದ್ದು ಯಾರಿಗೂ ಉಪಯೋಗವಿಲ್ಲ. ಆ ಮೂಸಂಬಿಯವರೆಗೆ ನಾನು ಹೇಗೆ ಬಂದೆ ಅನ್ನುವುದನ್ನು ಹೇಳುತ್ತೇನೆ.

ನನಗೆ ಕನ್ನಡ ಬಂದದ್ದು ಬಳ್ಳಿಗಾವಿಯ ನಮ್ಮಜ್ಜಿಯಿಂದ. ಹುಣಸೆಹಣ್ಣು ಕುಟ್ಟುತ್ತಾ ಕಥೆ ಹೇಳುವಳು. ಬೀಜ ತೆಗೆಯಲು ನಡುವೆ ನಿಲ್ಲಿಸಿ, "ಎಲ್ಲಿಗೆ ಬಿಟ್ಟಿದ್ನೇ?" ಅಂತ ಕೇಳುವಳು. ನಾನು ಬಿಟ್ಟ ಜಾಗದ ಮಾತನ್ನು ಅವಳ ರಾಗದಲ್ಲೇ ಒಪ್ಪಿಸಬೇಕು. ಒಂದು ಮಾತು ಅತ್ತಿತ್ತ ಆದರೆ ಕಥೆ ಮುಂದೆ ಹೋಗದು. ಈ ಅಭ್ಯಾಸ ಪ್ರೆಸ್ಸಿನಲ್ಲಿ ಬಹಳ ಕೆಲಸಕ್ಕೆ ಬಂತು. ಬರೆದುಕೊಟ್ಟಿದ್ದರಲ್ಲಿ ಒಂದು ಸಾಲು ಓದಿ ತಲೆಯಲ್ಲಿಟ್ಟುಕೊಂಡು, ಕೈ ಮಾತ್ರ ಮೊಳೆಯ ಕಡೆ ಓಡಬೇಕಿತ್ತು.

ಮೊಳೆ ಅಂದರೆ ಸೀಸದ ಅಕ್ಷರ. ನೀವು ನೋಡಿರಲಿಕ್ಕಿಲ್ಲ. ಮರದ ತಟ್ಟೆಯ ತುಂಬ ಸಣ್ಣ ಸಣ್ಣ ಖಾನೆ, ಒಂದೊಂದರಲ್ಲಿ ಒಂದೊಂದು ಅಕ್ಷರ. ಒತ್ತಕ್ಷರಕ್ಕೆ ಬೇರೆ, ಕೊಂಬಿಗೆ ಬೇರೆ. ಒಂದೊಂದೇ ಆರಿಸಿ ಜೋಡಿಸಿ, ದಾರ ಬಿಗಿದು, ಮಸಿ ಹಚ್ಚಿ ಅಚ್ಚು ಹಾಕುವುದು. ಅಚ್ಚಾದ ಮೇಲೆ ಜೋಡಿಸಿದ್ದನ್ನೆಲ್ಲ ಬಿಚ್ಚಿ, ತೊಳೆದು, ಅದರದರ ಖಾನೆಗೆ ವಾಪಸು ಹಾಕಬೇಕು. ಹಾಗೆ ಹಾಕದಿದ್ದರೆ ನಾಳೆಯ ಕೆಲಸಕ್ಕೆ ಅಕ್ಷರವೇ ಇಲ್ಲ. ನಮ್ಮ ಇಡೀ ಪ್ರೆಸ್ಸಿನ ಕನ್ನಡ ಆ ತಟ್ಟೆಗಳಲ್ಲಿ ಇದ್ದಷ್ಟೇ.

ಸೇರಿದ ಹೊಸತರಲ್ಲಿ ಈ ಬಿಚ್ಚುವ ಕೆಲಸಕ್ಕೆ ನನಗೆ ಬಲು ಬೇಜಾರು. ಒಂದು ಮದುವೆ ಪತ್ರಿಕೆಯ ಅಚ್ಚು ಮುಗಿದಿತ್ತು. ಸುತ್ತಲಿನ ಹೂಬಳ್ಳಿ ಚೆನ್ನಾಗಿದೆ, ಯಾಕೆ ಬಿಚ್ಚಬೇಕು ಅಂತ ಹಾಗೇ ಬಿಟ್ಟು, ನಡುವಿನ ಮಾತಷ್ಟೇ ತೆಗೆದು ಮುಂದಿನ ಕೆಲಸ ಜೋಡಿಸಿದೆ. ಮುಂದಿನ ಕೆಲಸ, ತೀರಿಕೊಂಡ ಹಿರಿಯರೊಬ್ಬರ ಶಿವಗಣಾರಾಧನೆಯ ಪತ್ರ. ಮದುವೆ ಪತ್ರಿಕೆಯ ಕೊನೆಯ ಸಾಲು ಹೂಬಳ್ಳಿಯ ಬುಡದಲ್ಲಿ ಕೂತೇ ಇತ್ತು. "ಎಲ್ಲರೂ ತಪ್ಪದೇ ಬಂದು ಅಕ್ಷತೆ ಹಾಕಿ." ತಿದ್ದಲು ತೆಗೆದ ಪ್ರತಿಯಲ್ಲೂ ನನ್ನ ಕಣ್ಣಿಗೆ ಬೀಳಲಿಲ್ಲ. ಊರಿಗೆಲ್ಲ ಹಂಚಿದ ಮೇಲೆ ತೀರಿಕೊಂಡವರ ಮಗ ಪತ್ರ ಹಿಡಿದು ಬಂದ. ಕೂಗಾಡಲಿಲ್ಲ. ನನ್ನ ಮುಂದೆ ನಿಂತು ಮೆಲ್ಲಗೆ ಕೇಳಿದ:

"ತಂಗೀ, ನಮ್ಮಪ್ಪಂದು ಇನ್ನೊಂದ್ ಮದುವಿ ಯಾವಾಗ ಗೊತ್ತು ಮಾಡಿದ್ರಿ? ನಮ್ಮವ್ವಂಗೆ ಒಂದ್ ಮಾತು ತಿಳಿಸ್ಬೇಕಲ್ಲ."

ಪಂಚಾಕ್ಷರಪ್ಪನವರು ಒಳಗಿನಿಂದ ಬಂದು ಪತ್ರ ನೋಡಿದರು. ನನ್ನತ್ತ ತಿರುಗಲಿಲ್ಲ. ಕೈಮುಗಿದು, "ನಾನೇ ನೋಡಿ ಬಿಟ್ಟಿದ್ದು ಸ್ವಾಮಿ. ತಪ್ಪು ನಂದು" ಅಂದರು. ನೋಡಿರಲೇ ಇಲ್ಲ ಅವರು. ಆತ ಹೋದ ಮೇಲೆ ನನಗೆ ಹೇಳಿದ್ದು ಇಷ್ಟೇ: "ಗಿರಿಜಾ, ಅಚ್ಚಾತಾ, ಬಿಚ್ಚು. ಆಗಿಂದಾಗ್ಗೆ ಬಿಚ್ಚು. ಉಳಿಸ್ಕೊಂಡ್ ಕುಂದರಬ್ಯಾಡ."

ಅಂದಿನಿಂದ ಅದು ನನ್ನ ಮೈಗಂಟಿತು. ಎಷ್ಟರಮಟ್ಟಿಗೆ ಅಂದರೆ, ಮನೆಯಲ್ಲಿ ಪಲ್ಯ ಮುಗಿಯುವ ಮುಂಚೆ ಬಾಣಲೆ ತೊಳೆಯುತ್ತೀಯಾ ಅಂತ ನನ್ನ ಗಂಡ ರೇಗಿಸುತ್ತಿದ್ದರು.

ಆಮೇಲೆ ಕಂಪ್ಯೂಟರ್ ಬಂತು. ಸೀಸವನ್ನು ತೂಕಕ್ಕೆ ಹಾಕಿದರು. ಮೊಳೆ ಹೋಯಿತು, ಚಾಳಿ ಹೋಗಲಿಲ್ಲ. ಪುಸ್ತಕ ಅಚ್ಚಾಯಿತೋ, ಟೈಪ್ ಮಾಡಿದ ಫೈಲು, ತಿದ್ದುಪಡಿಯ ಫೈಲು ಎಲ್ಲ ಅಳಿಸಿ ಹಾಕುವುದು. ನನ್ನ ಕಂಪ್ಯೂಟರ್ ಯಾವಾಗಲೂ ಗುಡಿಸಿ ಸಾರಿಸಿದ ಅಂಗಳದಂತೆ ಇರುತ್ತಿತ್ತು. ಬಂದವರಿಗೆಲ್ಲ ಯಜಮಾನರು ತೋರಿಸುತ್ತಿದ್ದರು. ನಾನು ಬೀಗುತ್ತಿದ್ದೆ.

ಇದರ ಜೊತೆಗೆ ಇನ್ನೊಂದು ಸೇರಿತು. ನಾವು ಪುಟ ಕಟ್ಟಿ, ದೊಡ್ಡ ಯಂತ್ರ ಇದ್ದ ಹೊರಗಿನ ಪ್ರೆಸ್ಸಿಗೆ ಅಚ್ಚಿಗೆ ಕಳಿಸುತ್ತಿದ್ದೆವು. ಒಮ್ಮೆ ಒಂದು ಸ್ಮರಣ ಸಂಚಿಕೆ ವಾಪಸು ಬಂದಾಗ ಅದರ ಪುಟಗಳ ತುಂಬ ಚೌಕ ಚೌಕ ಡಬ್ಬಿ. ನಮ್ಮ ಫಾಂಟು ಅವರ ಕಂಪ್ಯೂಟರಿನಲ್ಲಿ ಇರಲಿಲ್ಲ. ಅದಕ್ಕೆ ಮದ್ದು ಅಂತ ಕಲಿತದ್ದು "ಕರ್ವ್ಸ್" ಮಾಡುವುದು. ಒಂದು ಗುಂಡಿ ಒತ್ತಿದರೆ ಪುಟದ ಅಕ್ಷರಗಳೆಲ್ಲ ಗೆರೆಗಳಾಗುತ್ತವೆ. ಆಮೇಲೆ ಅಲ್ಲಿರುವುದು 'ಅ' ಅಲ್ಲ, ಅ ಆಕಾರದ ಒಂದು ಚಿತ್ರ. ಯಾವ ಯಂತ್ರಕ್ಕೆ ಕೊಟ್ಟರೂ ಕೆಡದು. ಯಾರೂ ಒಳಗೆ ಕೈಹಾಕಿ ತಿದ್ದಲೂ ಆಗದು. ನಾವು ಅದಕ್ಕೆ ಬೀಗ ಹಾಕುವುದು ಅನ್ನುತ್ತಿದ್ದೆವು. ಅಕ್ಷರ ಇದ್ದ ಫೈಲನ್ನು ಇನ್ನೊಂದು ಹೆಸರಲ್ಲಿ ಉಳಿಸಿಕೊಂಡು ಬೀಗ ಹಾಕುವುದು ಎಲ್ಲರ ಪದ್ಧತಿ. ನಾನು ಅದೇ ಫೈಲಿನ ಮೇಲೆ ಹಾಕುತ್ತಿದ್ದೆ. ಉಳಿಸಿಕೊಂಡು ಕೂರಬಾರದಲ್ಲ!

ಹೊರಗೆ ಕಾಲ ಬದಲಾಗುತ್ತಿತ್ತು. ಯೂನಿಕೋಡ್ ಬಂತು: ಎಲ್ಲ ಯಂತ್ರಕ್ಕೂ, ಎಲ್ಲ ಭಾಷೆಗೂ ಅಕ್ಷರಕ್ಕೆ ಒಂದೇ ಕಟ್ಟಳೆ. ಅದಕ್ಕೂ ಮುಂಚೆ ನಮ್ಮ ಫಾಂಟುಗಳಲ್ಲಿ ಪರದೆ ಮೇಲೆ ಕನ್ನಡ ಕಂಡರೂ ಒಳಗೆ ಇದ್ದದ್ದು ಇಂಗ್ಲಿಷ್ ಅಕ್ಷರಗಳೇ, ಮೇಲೆ ಕನ್ನಡದ ವೇಷ. ಇ-ಪುಸ್ತಕ ಬಂತು. ಅದಕ್ಕೂ ಒಂದು ಕಟ್ಟಳೆ ಬಂತು, ಇ-ಪಬ್ ಅಂತ. ಯಾರೋ ಬಂದು ಇದನ್ನೆಲ್ಲ ಹೇಳಿದರೆ ನಾನು, "ಆ ಅಕ್ಷರ ನೋಡಾಕೆ ಚಂದಿಲ್ರೀ" ಅಂದುಬಿಡುತ್ತಿದ್ದೆ. ಪುಸ್ತಕ ಅಂದರೆ ನೋಡುವುದಕ್ಕೆ ಇರುವುದು ಅಂತಲೇ ನಂಬಿದ್ದೆ.

ಆಗ ಬಂದವರು ರುದ್ರಪ್ಪ ಮೇಷ್ಟ್ರು. ಗೌರಮ್ಮನ ಭುಜ ಹಿಡಿದು ಪ್ರೆಸ್ಸಿನ ಮೆಟ್ಟಿಲು ಹತ್ತಿದರು. ಸೊರಬ, ಶಿಕಾರಿಪುರದ ನಡುವಿನ ಕೆರೆಗಳ ಬಗ್ಗೆ ಪುಸ್ತಕ. ತೂಬು ತೆಗೆಯುವ ಜಗಳ, ಏರಿ ಮೇಲಿನ ಹರಟೆ, ಹೂಳೆತ್ತುವಾಗ ಹಾಡುತ್ತಿದ್ದ ಪದ, ಎಲ್ಲ. ಕಣ್ಣಿಲ್ಲದ್ದರಿಂದ ಬರೆದಿರಲಿಲ್ಲ. ಫೋನಿನಲ್ಲಿ ಮಾತಾಡಿ ಹಿಡಿದಿಟ್ಟಿದ್ದರು. ಅದನ್ನು ಕೇಳಿ ನಾನು ಟೈಪ್ ಮಾಡಬೇಕು.

"ಗಿರಿಜಮ್ಮಾರೇ, ನನಗೆ ಎರಡು ಪುಸ್ತಕ ಬೇಕು" ಅಂದರು. "ಊರಿನೋರಿಗೆ ಒಂದು ಕಾಗದದ್ದು. ನನಗೊಂದು ಫೋನಿನದು. ಯೂನಿಕೋಡಲ್ಲಿ ಇರ್ಬೇಕು. ಇ-ಪಬ್ ಅಂತಾರಲ, ಆ ಬಗೆ. ಒಂದು ಅಧ್ಯಾಯದಿಂದ ಇನ್ನೊಂದಕ್ಕೆ ಹಾರಾಕೆ ಬರ್ಬೇಕು."

"ಯಾಕ್ರೀ, ನಾನು ಓದಿ ಹೇಳಲ್ವಾ?" ಅಂದರು ಗೌರಮ್ಮ.

"ಓದ್ತಾಳೆ, ಓದ್ತಾಳೆ. ತನ್ನ ತವರಿನೋರ ವಿಚಾರ ಬಂದ್ರೆ ಹಾರಿಸ್ತಾಳೆ."

"ಬರೆಯೋದೇ ಹಂಗೆ ಬರೆದ್ರೆ ಮತ್ತೇನ್ ಮಾಡ್ಲಿ?"

ನಾವೆಲ್ಲ ನಕ್ಕೆವು. ಆಮೇಲೆ ಮೇಷ್ಟ್ರು ತಮಾಷೆ ಬಿಟ್ಟು ಹೇಳಿದರು: "ನನ್ನ ಪುಸ್ತಕಾನ ನಾನೇ ಒಂದ್ಸಲ ಓದ್ಬೇಕು ಗಿರಿಜಮ್ಮ. ಅಷ್ಟೇ ಆಸೆ."

"ಆಗ್ತೈತಿ ಬಿಡ್ರಿ ಮೇಷ್ಟ್ರೇ. ಪಿಡಿಎಫ್ ಮಾಡಿ ಕಳಿಸ್ತೀನಿ. ಎಲ್ಲಾ ಒಂದೇ."

"ಒಂದೇನಾ?"

"ಒಂದೇ."

ಮೇಷ್ಟ್ರು ಒಂದೊಂದು ಅಧ್ಯಾಯದ ಧ್ವನಿಯನ್ನು ಕಳಿಸುತ್ತಾ ಹೋದರು. ಕೇಳುವುದೇ ಒಂದು ಸುಖ. ನಡುವೆ ಬಸ್ಸಿನ ಹಾರನ್ನು, ಕೋಳಿ ಕೂಗು, "ಊಟಕ್ಕೆ ಬರ್ತೀರಾ ಇಲ್ವಾ" ಅನ್ನುವ ಗೌರಮ್ಮ. ಒಂದರಲ್ಲಿ ಹೊಸಬಾಳೆಯಲ್ಲಿದ್ದ ಅವರ ಅಕ್ಕ ಹೂಳೆತ್ತುವ ಪದವನ್ನು ಹಾಡಿದ್ದರು. ನಡುಗುವ ದನಿ, ಆದರೆ ಎಲ್ಲೂ ತಾಳ ತಪ್ಪದು. ನಾನು ಪದದ ಮಾತುಗಳನ್ನು ಟೈಪ್ ಮಾಡಿದೆ. ಪುಸ್ತಕ ಅಚ್ಚಿಗೆ ಹೋಗುವ ಮುಂಚೆಯೇ ಆ ಅಕ್ಕ ತೀರಿಕೊಂಡರು.

ಒಂದು ಅಧ್ಯಾಯ ಟೈಪ್ ಆಯಿತೋ, ಆ ಧ್ವನಿಯನ್ನು ನನ್ನ ಫೋನಿನಿಂದ ಅಳಿಸುತ್ತಿದ್ದೆ. ಪುಸ್ತಕ ಮುಗಿಯಿತೋ, ಬೀಗ ಹಾಕಿದೆ. ಬೀಗ ಹಾಕಿದ ಪುಟಗಳನ್ನೇ ಪಿಡಿಎಫ್ ಮಾಡಿ, ಬಿಡುಗಡೆಯ ಹಿಂದಿನ ರಾತ್ರಿ ಮೇಷ್ಟ್ರಿಗೆ ಕಳಿಸಿದೆ. ಕಣ್ಣಿದ್ದವರಿಗೆ ಚಂದದ ಪುಸ್ತಕ. ಫೋನಿಗೆ ಅದರಲ್ಲಿ ಒಂದಕ್ಷರವೂ ಇರಲಿಲ್ಲ.

ಸಭೆ ಮುಗಿದು ಶಿಕಾರಿಪುರಕ್ಕೆ ವಾಪಸು ಬರುವಾಗ ಕಾರಿನಲ್ಲಿ ಅಶ್ವಿನಿ ನನ್ನ ಪಕ್ಕವೇ ಕೂತಿದ್ದಳು. ಹಿರೇಕೆರೂರು ಕಡೆಯ ಹುಡುಗಿ, ಮಾತು ನೇರ.

"ಅಕ್ಕಾರ, ನೀವು ಅವ್ರಿಗೆ ಪುಸ್ತಕ ಮಾಡಿಲ್ರಿ. ಪುಸ್ತಕದ ಫೋಟೋ ತೆಗೆದು ಕೊಟ್ಟೀರಿ."

"ಗೊತ್ತಾತು."

"ಗೊತ್ತಾಗಿದ್ರ ಅಲ್ಲೇ ಹೇಳ್ಬೇಕಿತ್ತಿಲ್ರಿ? ಪಾಪ, ತಮ್ಮ ತಪ್ಪು ಅಂದ್ಕೊಂಡ್ರು."

ಮುಂದಿನ ಸೀಟಿನಲ್ಲಿ ಪಂಚಾಕ್ಷರಪ್ಪನವರು ಕಿಟಕಿಯಾಚೆ ನೋಡುತ್ತಿದ್ದರು. ಕೇಳಿಸಿತೋ ಇಲ್ಲವೋ. ಒಂದು ಕಾಲದಲ್ಲಿ ನನ್ನ ತಪ್ಪನ್ನು ತಮ್ಮ ತಲೆ ಮೇಲೆ ಹೊತ್ತವರು. ಈಗ ಇನ್ನೊಬ್ಬರು ಹೊತ್ತರು, ಕುರುಡರು, ಅವರದೇ ಸಭೆಯಲ್ಲಿ. ಎರಡು ಸಲವೂ ನಾನು ಬಾಯಿ ಬಿಡಲಿಲ್ಲ.

ನಾಳೆ ಸೊರಬಕ್ಕೆ ಹೋಗಿ ಹೇಳಿದರಾಯಿತು ಅಂದುಕೊಂಡೆ. ಮಾರನೆಯ ದಿನ ಅಕ್ಕಿ ಹಿಟ್ಟು ಮಾಡಿಸುವುದಿತ್ತು. ಅದರ ಮಾರನೆಯ ದಿನ ಏನೋ. ಹೀಗೆ ದಿನ ತಳ್ಳುತ್ತಿರುವಾಗಲೇ ಮೇಷ್ಟ್ರ ಫೋನು ಬಂತು. ಬಲು ಹುರುಪಿನ ದನಿ.

"ಗಿರಿಜಮ್ಮ, ಫೋನ್ ಸರಿಮಾಡಿಸ್ದೆ! ಅಂಗಡಿಯವನಿಗೆ ಹಠ ಹಿಡಿದೆ, ನನ್ನ ಪುಸ್ತಕ ಓದಲ್ಲ ಅಂದ್ರೆ ಇದರಲ್ಲಿ ಏನೋ ಕೆಟ್ಟದೆ ಅಂತ. ಅವನು ಪೂರ್ತಿ ಅಳಿಸಿ ಹೊಸದಾಗಿ ಮಾಡಿಕೊಟ್ಟ. ಈಗ ಪುಸ್ತಕ ಇನ್ನೊಂದ್ಸಲ ಕಳಿಸಿ ನೋಡಾಣ."

"ಮೇಷ್ಟ್ರೇ, ಅದರಾಗೆ ನೀವು ಮಾತಾಡಿದ್ದವಲ್ಲ... ಅಕ್ಕಾರ ಪದ..."

"ಅವೂ ಹೋದವು. ಹೋದ್ರೆ ಹೋಗ್ಲಿ ಬಿಡಿ, ನಿಮ್ಮ ಹತ್ರ ಅದಾವಲ."

ನಾನೇ ಬರ್ತೀನಿ ಅಂತ ಹೇಳಿ ಫೋನ್ ಇಟ್ಟೆ. ಮಧ್ಯಾಹ್ನದ ಬಸ್ಸಿಗೆ ಸೊರಬಕ್ಕೆ ಹೋದೆ. ಅವರ ಮನೆಯ ಮುಂದಿನ ಕಟ್ಟೆ ಮೇಲೆ ಕೂತು ಎಲ್ಲ ಹೇಳಿದೆ. ಪುಸ್ತಕದಲ್ಲಿ ಅಕ್ಷರ ಇಲ್ಲ. ತಪ್ಪು ನನ್ನದು ಅಂತ ವೇದಿಕೆ ಮೇಲೇ ನನಗೆ ಗೊತ್ತಾಗಿತ್ತು. ಟೈಪ್ ಮಾಡಿದ್ದೂ ಇಲ್ಲ, ನಿಮ್ಮ ಧ್ವನಿಯೂ ಇಲ್ಲ.

ಮೇಷ್ಟ್ರು ಕೇಳಿದ್ದು ಒಂದೇ: "ಅಕ್ಕನ ಪದ?"

"ಇಲ್ಲ ಮೇಷ್ಟ್ರೇ."

"ಬಸ್ಸಿಗೆ ಹೊತ್ತಾಯ್ತಲ ಗಿರಿಜಮ್ಮ" ಅಂದರು.

ಬಸ್ಸಿಗೆ ಹೊತ್ತಾಗಿರಲಿಲ್ಲ. ಗೌರಮ್ಮ ರಸ್ತೆಯವರೆಗೆ ಬಂದರು. "ಬೇಜಾರು ಮಾಡ್ಕಬೇಡಿ. ಅವರಿಗೆ ಬೈಯಾಕೆ ಬರಲ್ಲ. ತಡೆಯಾಕೆ ಆಗ್ದಷ್ಟು ಸಿಟ್ಟು ಬಂದ್ರೆ ಬಸ್ಸಿನ ಹೊತ್ತು ಹೇಳ್ತಾರೆ."

ನಾನು ಮತ್ತೆ ಪ್ರೆಸ್ಸಿಗೆ ಹೋಗಿ ಕೂತೆ. ನಿವೃತ್ತಳಾದವಳು, ನನ್ನದೇ ಹಳೇ ಕುರ್ಚಿಯ ಪಕ್ಕ ಪ್ಲಾಸ್ಟಿಕ್ ಕುರ್ಚಿಯಲ್ಲಿ. ಕಾಗದದ ಪುಸ್ತಕವನ್ನು ಎದುರಿಗಿಟ್ಟುಕೊಂಡು ಮೊದಲ ಪುಟದಿಂದ ಟೈಪ್ ಮಾಡಿದೆ, ಈ ಸಲ ಯೂನಿಕೋಡಿನಲ್ಲಿ. ಅಶ್ವಿನಿ ಹೇಳಿಕೊಟ್ಟಳು. ಅಧ್ಯಾಯದ ಹೆಸರನ್ನು ದಪ್ಪ ಮಾಡಿ ನಡುವೆ ಕೂರಿಸಿದರೆ ಅದು ಅಧ್ಯಾಯದ ಹೆಸರು ಅಂತ ನಮ್ಮ ಕಣ್ಣಿಗೆ ತಿಳಿಯುತ್ತದೆ. ಫೋನಿಗೆ ತಿಳಿಯದು. ಇದು ಅಧ್ಯಾಯದ ಹೆಸರು ಅಂತ ಅದಕ್ಕೆ ಬೇರೆ ಗುರುತು ಹಾಕಿ ಹೇಳಬೇಕು. ಹಾಗೆ ಹೇಳಿದರೆ ಮಾತ್ರ ಮೇಷ್ಟ್ರು ಒಂದರಿಂದ ಇನ್ನೊಂದಕ್ಕೆ ಹಾರಬಲ್ಲರು. ನಾನು ಹಳೇ ಚಾಳಿಯಲ್ಲಿ ದಪ್ಪ ಮಾಡಿ ಮುಂದೆ ಹೋಗುತ್ತಿದ್ದೆ. "ಅಕ್ಕಾರ, ಮತ್ತ ಬರೇ ಬಣ್ಣ ಹಚ್ಚಿದ್ರಿ" ಅನ್ನುವಳು. ಅವಳ ನಗು ನನಗೆ ಚುಚ್ಚುತ್ತಿತ್ತು. ಚುಚ್ಚಿಸಿಕೊಂಡೆ.

ಚಿತ್ರಗಳದ್ದು ಇನ್ನೂ ದೊಡ್ಡ ಕಥೆ. ಇ-ಪುಸ್ತಕದ ಕಟ್ಟಳೆಯಲ್ಲಿ ಪ್ರತಿ ಚಿತ್ರಕ್ಕೂ ಕಾಣದವರಿಗಾಗಿ ಒಂದು ವಿವರ ಬರೆಯಬೇಕು. ಬಂದಳಿಕೆ ಊರಲ್ಲಿ ತೆಗೆದ ಒಂದು ಚಿತ್ರಕ್ಕೆ ನಾನು "ಬಂದಳಿಕೆಯ ಕಲ್ಲು" ಅಂತ ಬರೆದೆ. ಅಶ್ವಿನಿ ಕಣ್ಣು ಮುಚ್ಚಿ ಫೋನಿನಲ್ಲಿ ಕೇಳಿ, "ಎಂಥಾ ಕಲ್ಲ್ರಿ? ಬೀಸೋದೋ, ರುಬ್ಬೋದೋ?" ಅಂದಳು. ಸರಿಯಾಗಿ ನೋಡಿ ಬರೆಯೋಣ ಅಂತ ಗೌರಮ್ಮನಿಂದ ಮೂಲ ಫೋಟೋ ತರಿಸಿದೆ. ಶಾಸನದ ಕಲ್ಲು, ಮೇಲ್ಗಡೆ ಲಿಂಗ, ಒಂದು ಪಕ್ಕ ಕರುವಿಗೆ ಹಾಲೂಡುವ ಹಸು. ಅದರ ಎಡಗಡೆ ಮೇಷ್ಟ್ರು ನಿಂತಿದ್ದರು. ಇನ್ನೂ ಕಣ್ಣಿದ್ದ ಕಾಲ. ಬಗ್ಗಿ, ಕಲ್ಲಿನ ಅಕ್ಷರದ ಮೇಲೆ ಬೆರಳಿಟ್ಟು ಓದುತ್ತಿದ್ದರು. ಕಾಗದದ ಪುಸ್ತಕದಲ್ಲಿ ಚಂದ ಕಾಣಲಿ ಅಂತ ನಾನು ಅವರನ್ನು ಕತ್ತರಿಸಿ ತೆಗೆದಿದ್ದೆ. ಕತ್ತರಿಸಿದ್ದು ನೆನಪೂ ಇರಲಿಲ್ಲ. ಈ ಸಲ ಪೂರ್ತಿ ಫೋಟೋ ಹಾಕಿದೆ. ವಿವರದಲ್ಲಿ ಅವರ ಬೆರಳನ್ನೂ ಬರೆದೆ.

ಈ ಕೆಲಸಕ್ಕೆ ಬರುವವರು ಇದೊಂದು ನೆನಪಿಡಿ. ಪುಸ್ತಕ ಅಚ್ಚಾದ ಮೇಲೆ ಮುಗಿಯಿತು ಅನ್ನುವ ಕಾಲ ಸೀಸದ ಜೊತೆಗೇ ಹೋಯಿತು. ಅಕ್ಷರ ಅಕ್ಷರವಾಗಿಯೇ ಉಳಿದಿದ್ದರೆ ನಾಳೆ ಅದನ್ನು ಯಾರಾದರೂ ದೊಡ್ಡದು ಮಾಡಿ ಓದಿಯಾರು, ಯಾರಾದರೂ ಕಿವಿಯಲ್ಲಿ ಓದಿಯಾರು. ನಾನು ಬೀಗ ಹಾಕಿದ ಪುಸ್ತಕಗಳು ಪ್ರೆಸ್ಸಿನಲ್ಲಿ ಒಂದು ಕಪಾಟಿನಷ್ಟು ಇವೆ. ಬರೆದವರಲ್ಲಿ ಕೆಲವರು ಇಲ್ಲ. ಬೀಗದ ಕೈ ನನ್ನ ಹತ್ತಿರವೂ ಇಲ್ಲ. ಆ ಕಪಾಟಿನ ಕಡೆ ಈಗ ಬೆನ್ನು ಮಾಡಿ ಕೂರುತ್ತೇನೆ.

ಹೊಸ ಪುಸ್ತಕ ಸಿದ್ಧವಾದಾಗ ಅಶ್ವಿನಿ ಕಳಿಸುತ್ತೇನೆ ಅಂದಳು. ಬೇಡ ಅಂತ ನಾನೇ ತೆಗೆದುಕೊಂಡು ಸೊರಬಕ್ಕೆ ಹೋದೆ. ಮೇಷ್ಟ್ರು ಅದೇ ಕಟ್ಟೆ ಮೇಲೆ ಕೂತಿದ್ದರು. ಫೋನಿಗೆ ಹಾಕಿಕೊಟ್ಟೆ. ಅವರು ಬೆರಳಿನಿಂದ ಮುಟ್ಟಿದರು. ಫೋನು ಓದತೊಡಗಿತು. ಎಂಥ ವೇಗ ಅಂತೀರಿ, ಕಾಳು ಸುರಿದ ಹಾಗೆ. ಕಾಣದವರು ಹಾಗೇ ಕೇಳುತ್ತಾರಂತೆ, ಅವರಿಗೆ ಅಭ್ಯಾಸ. ಎರಡು ಸಲ ಟೈಪ್ ಮಾಡಿದ ಪುಸ್ತಕ, ನನಗೆ ಒಂದು ಮಾತೂ ತಿಳಿಯಲಿಲ್ಲ. ಮೇಷ್ಟ್ರು ತಲೆಯಾಡಿಸುತ್ತಾ ಕೇಳುತ್ತಿದ್ದರು. ಒಂದು ಕಡೆ ಇದ್ದಕ್ಕಿದ್ದಂತೆ ಗಹಗಹಿಸಿ ನಕ್ಕರು.

ಗೌರಮ್ಮ ಒಳಗಿನಿಂದ ಬಂದರು. "ಏನ್ರೀ ಅದು? ನಮ್ಮಣ್ಣಂದಾ?"

"ಏನಿಲ್ಲ ಮಾರಾಯ್ತಿ, ಕೆರೆ ವಿಚಾರ."

"ಗೊತ್ತು ನನಗೆ ಯಾವ ಕೆರೆ ಅಂತ" ಅಂದು ಗೌರಮ್ಮ ನನಗೆ ಚಾ ಲೋಟ ಕೊಟ್ಟು ಹೋದರು.

ಆಮೇಲೆ ಮೇಷ್ಟ್ರು ಅಧ್ಯಾಯದಿಂದ ಅಧ್ಯಾಯಕ್ಕೆ ಹಾರುತ್ತಾ ಹೋಗಿ ಒಂದು ಕಡೆ ನಿಂತರು. ವೇಗವನ್ನು ತಗ್ಗಿಸಿದರು. ಈಗ ನನಗೂ ತಿಳಿಯುತ್ತಿತ್ತು. ಹೂಳೆತ್ತುವ ಪದ. ಫೋನು ಅದನ್ನು ಒಂದೊಂದೇ ಸಾಲಾಗಿ, ರಾಗವಿಲ್ಲದೆ, ಸ್ಪಷ್ಟವಾಗಿ ಓದಿ ಮುಗಿಸಿತು. ಒಂದಕ್ಷರ ತಪ್ಪಿರಲಿಲ್ಲ.

ಮೇಷ್ಟ್ರು ಫೋನನ್ನು ಆರಿಸಿ ಪಕ್ಕಕ್ಕೆ ಇಟ್ಟರು. ರಸ್ತೆಯ ಕಡೆ ಮುಖ ತಿರುಗಿಸಿದರು.

"ಬಸ್ಸಿಗೆ ಹೊತ್ತಾಯ್ತಲ ಗಿರಿಜಮ್ಮ" ಅಂದರು.

ನಾನು ಚಾ ಲೋಟ ಅಲ್ಲೇ ಇಟ್ಟು ಎದ್ದೆ.